ಎಲ್ಲಾ ಪ್ರಧಾನಿ ಹೇಳಿದಂತೆ ನಡೆಯುವುದಾದರೆ ಸಂಪುಟ, ಸಮಿತಿ ಯಾಕೆ?

ರಾಜ್ಯಶಾಸ್ತ್ರ ಪಾಠ ಮಾಡುವವಳು ಎಂದು ಗೊತ್ತಾದ ಕೂಡಲೇ ಬಹಳ ಜನ ಕೇಳುವುದು ಇದನ್ನೇ. "ಕೊನೆಗೆ ಎಲ್ಲಾ ಪ್ರಧಾನಿ ಹೇಳಿದ ಹಾಗೆ ತಾನೆ ಆಗೋದು? ಸಚಿವ ಸಂಪುಟ, ಸಂಸತ್ತಿನ ಸಮಿತಿ ಎಲ್ಲಾ ಸುಮ್ನೆ ಶಾಸ್ತ್ರಕ್ಕೆ ಅಲ್ವಾ ಮೇಡಂ?"

ಬಹುಮತ ಗಟ್ಟಿಯಾಗಿದ್ದರೆ ಪ್ರಧಾನಿಯ ಮಾತೇ ಜಾಸ್ತಿ ನಡೆಯುತ್ತದೆ, ನಿಜ. ಆದರೆ ಆ ಮಾತು ಎಷ್ಟು ಜನರ ಕೈ ದಾಟಿ ಬರಬೇಕು ಅನ್ನುವುದರಲ್ಲೇ ವಿಷಯ ಇದೆ. ಒಂದು ಇಲಾಖೆ ಪ್ರಸ್ತಾವ ತಂದರೆ ಹಣಕಾಸು, ಕಾನೂನು ಮತ್ತು ಸಂಬಂಧಪಟ್ಟ ಉಳಿದ ಇಲಾಖೆಗಳ ಅಭಿಪ್ರಾಯ ಕೇಳಬೇಕು. ಒಪ್ಪದವರ ಮಾತೂ ಕಡತದಲ್ಲಿ ಉಳಿಯುತ್ತದೆ. ಅದೆಲ್ಲ ಸಂಪುಟ ಟಿಪ್ಪಣಿಯಾಗಿ ಸಚಿವರ ಮುಂದೆ ಬರುತ್ತದೆ. ಅವರು ಒಪ್ಪಿದ ಮೇಲೆ ಇಡೀ ಮಂತ್ರಿಮಂಡಲ ಲೋಕಸಭೆಗೆ ಹೊಣೆ. 'ನನಗೆ ಗೊತ್ತಿರಲಿಲ್ಲ' ಅನ್ನುವ ಹಾಗಿಲ್ಲ.

ಈ ಶಾಸ್ತ್ರ ಬಿಟ್ಟರೆ ಏನಾಗುತ್ತದೆ? 1975ರ ಜೂನ್ 25ರ ರಾತ್ರಿ ನೋಡಿ. ತುರ್ತು ಪರಿಸ್ಥಿತಿ ಘೋಷಿಸಲು ಇಂದಿರಾ ಗಾಂಧಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರಿಗೆ ಪತ್ರ ಬರೆದರು. ಇದನ್ನು ಸಂಪುಟದ ಮುಂದಿಡಬೇಕೆಂದಿದ್ದೆ, ಈ ರಾತ್ರಿ ಆಗುವುದಿಲ್ಲ, 1961ರ ಕಾರ್ಯಕಲಾಪ ನಿಯಮಗಳ 12ನೇ ನಿಯಮದಡಿ ವಿನಾಯಿತಿ ಪಡೆಯುತ್ತಿದ್ದೇನೆ, ಬೆಳಿಗ್ಗೆ ಎದ್ದ ಕೂಡಲೇ ಸಂಪುಟಕ್ಕೆ ತಿಳಿಸುತ್ತೇನೆ. ಇಷ್ಟು ಅದರ ಸಾರ. ಸರ್ಕಾರ ಹೇಗೆ ತೀರ್ಮಾನ ತೆಗೆದುಕೊಳ್ಳಬೇಕು ಎಂದು ಹೇಳುವ ನಿಯಮಗಳಿವು; ಅಗತ್ಯ ಬಿದ್ದರೆ ಅವನ್ನು ಬಿಟ್ಟು ನಡೆಯಲು 12ನೆಯದು ಪ್ರಧಾನಿಗೆ ಅವಕಾಶ ಕೊಡುತ್ತದೆ. ರಾತ್ರಿಯೇ ಸಹಿ ಬಿತ್ತು. ಸಂಪುಟ ಸೇರಿದ್ದು ಮರುದಿನ ಬೆಳಗಿನ ಆರು ಗಂಟೆಗೆ. ಅಷ್ಟರಲ್ಲಿ ಜಯಪ್ರಕಾಶ ನಾರಾಯಣ, ಮೊರಾರ್ಜಿ ದೇಸಾಯಿ ಅವರ ಬಂಧನ ಆಗಿಹೋಗಿತ್ತು. ಸಚಿವರಿಗೆ ಉಳಿದದ್ದು ಹೂಂ ಅನ್ನುವುದೊಂದೇ.

ಅವತ್ತೇ ಬೆಂಗಳೂರಿನಲ್ಲಿ ವಿರೋಧ ಪಕ್ಷಗಳ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬಂಧನವಾಯಿತು. ಅವರು ಇಲ್ಲಿಗೆ ಬಂದಿದ್ದು ಚಳವಳಿಗಲ್ಲ. ಪಕ್ಷಾಂತರ ತಡೆಯುವ ಮಸೂದೆ ನೋಡುತ್ತಿದ್ದ ಜಂಟಿ ಸಂಸದೀಯ ಸಮಿತಿಯ ಸಭೆಗೆ. ಆಡಳಿತ ಪಕ್ಷದವರ ಜೊತೆ ಕೂತು ಕಾನೂನು ತಿದ್ದಲು ಬಂದವರು ಸೆಂಟ್ರಲ್ ಜೈಲು ಸೇರಿದರು. ತರಗತಿಯಲ್ಲಿ ಇದನ್ನು ಹೇಳುವಾಗ ನನಗೆ ಈಗಲೂ ಸಂಕಟವಾಗುತ್ತದೆ.

1978ರ ಸಂವಿಧಾನದ 44ನೇ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ಸಂಪುಟದ ತೀರ್ಮಾನ ಲಿಖಿತವಾಗಿ ಬರದೆ ರಾಷ್ಟ್ರಪತಿ ತುರ್ತು ಪರಿಸ್ಥಿತಿ ಘೋಷಿಸುವಂತಿಲ್ಲ. 12ನೇ ನಿಯಮ ಮಾತ್ರ ಇನ್ನೂ ಇದೆ. 2019ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ರಾಷ್ಟ್ರಪತಿ ಆಳ್ವಿಕೆಯನ್ನು ಬೆಳಗಾಗುವ ಮೊದಲೇ ತೆಗೆದದ್ದು ಅದೇ ನಿಯಮ ಬಳಸಿ.

ಇನ್ನು ಸಂಸತ್ತು. ಪಕ್ಷಾಂತರ ತಡೆ ಕಾನೂನು ಕೊನೆಗೂ 1985ರಲ್ಲಿ ಬಂತು. ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ, ಮೀರಿ ಮತ ಹಾಕಿದರೆ ಸದಸ್ಯತ್ವ ಹೋಗಬಹುದು. ಹಾಗಾಗಿ ಸದನದಲ್ಲಿ ಮತ ಎಣಿಸುವ ಮೊದಲೇ ಸಾಮಾನ್ಯವಾಗಿ ಫಲಿತಾಂಶ ಗೊತ್ತಿರುತ್ತದೆ. ಸಮಿತಿಯಲ್ಲಿ ವಿಪ್ ಇಲ್ಲ. 1993ರಿಂದ ಇಲಾಖಾವಾರು ಸ್ಥಾಯಿ ಸಮಿತಿಗಳಿವೆ. ಈಗ ಒಂದೊಂದರಲ್ಲೂ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಅಧಿಕಾರಿಗಳನ್ನು ಕರೆಸಿ ಕೇಳುತ್ತಾರೆ, ತಜ್ಞರ ಮಾತು ಕೇಳುತ್ತಾರೆ, ಕ್ಯಾಮೆರಾ ಇಲ್ಲದ್ದರಿಂದ ಕೂಗಾಟವೂ ಕಡಿಮೆ. ಆದರೆ ಮಸೂದೆಯನ್ನು ಸಮಿತಿಗೆ ಕಳಿಸಲೇಬೇಕೆಂಬ ಕಡ್ಡಾಯವಿಲ್ಲ. ನನ್ನ ದೊಡ್ಡ ತಕರಾರು ಇದೇ.

ಮೂರು ಕೃಷಿ ಕಾಯ್ದೆಗಳು 2020ರ ಜೂನ್‌ನಲ್ಲಿ ಸುಗ್ರೀವಾಜ್ಞೆಯಾಗಿ ಬಂದವು. ಸೆಪ್ಟೆಂಬರ್‌ನಲ್ಲಿ ಸಂಸತ್ತಿಗೆ ಬಂದಾಗ ಸಮಿತಿಗೆ ಕಳಿಸಿ ಎಂದು ವಿರೋಧ ಪಕ್ಷಗಳು ಕೇಳಿದವು. ಕಳಿಸಲಿಲ್ಲ. ಅವುಗಳಲ್ಲಿ ಎರಡು ರಾಜ್ಯಸಭೆಯಲ್ಲಿ ಗದ್ದಲದ ನಡುವೆ ಧ್ವನಿಮತದಲ್ಲಿ ಪಾಸಾದವು. ಆಮೇಲೆ ಸುಮಾರು ಒಂದು ವರ್ಷ ರೈತರು ದೆಹಲಿ ಗಡಿಯಲ್ಲಿ ಕೂತರು. 2021ರ ನವೆಂಬರ್‌ನಲ್ಲಿ ಕಾಯ್ದೆಗಳು ವಾಪಸಾದವು, ಅದೂ ಚರ್ಚೆಯಿಲ್ಲದೆ. ಕಾಯ್ದೆ ಒಳ್ಳೆಯದೋ ಕೆಟ್ಟದ್ದೋ ಆ ಮಾತು ಬೇರೆ. ರಸ್ತೆಯಲ್ಲಿ ಎದ್ದ ಪ್ರಶ್ನೆಗಳು ಮೊದಲು ಸಮಿತಿ ಕೋಣೆಯಲ್ಲಿ ಏಳಬೇಕಿತ್ತು.

"ನಾವೇನು ಮಾಡೋಕಾಗತ್ತೆ?" ಎಂದೂ ಕೇಳುತ್ತಾರೆ. ಕರಡು ಮಸೂದೆಯನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು ಎಂಬ ಕೇಂದ್ರದ ನೀತಿ 2014ರಿಂದ ಇದೆ. ಎಲ್ಲ ಇಲಾಖೆಗಳೂ ಪಾಲಿಸುವುದಿಲ್ಲ, ಪಾಲಿಸಿದಾಗಲಾದರೂ ಓದಿ ಬರೆಯಿರಿ. ಸ್ಥಾಯಿ ಸಮಿತಿಗಳೂ ಜಾಹೀರಾತು ಕೊಟ್ಟು ಅಭಿಪ್ರಾಯ ಕೇಳುತ್ತವೆ. ಸಾಮಾನ್ಯವಾಗಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಕಳಿಸಿ ಅನ್ನುತ್ತವೆ. ಹಾವೇರಿಯ ರೈತ ಕನ್ನಡದಲ್ಲಿ ಬರೆದರೂ ಅದು ಸಮಿತಿಯ ಮೇಜಿಗೆ ಹೋಗುವಂತಾಗಬೇಕು. ನಮ್ಮ 28 ಲೋಕಸಭಾ ಸದಸ್ಯರು, 12 ರಾಜ್ಯಸಭಾ ಸದಸ್ಯರು ಪಕ್ಷ ಮರೆತು ಒಟ್ಟಾಗಿ ಕೇಳಬಹುದಾದದ್ದು ಇದು.