ಬಿ ಫಾರಂ ಇಲ್ಲದ ಊರಿನಲ್ಲಿ ಒಂದು ಸಂಜೆ

ಕರ್ನಾಟಕದಲ್ಲಿ ಪಕ್ಷದ ಟಿಕೆಟ್ ಯಾರಿಗೆ ಸಿಕ್ಕಿತು ಎಂಬುದು ಚುನಾವಣೆಯಷ್ಟೇ ದೊಡ್ಡ ಸುದ್ದಿ. ಆಕಾಂಕ್ಷಿಗಳು ಬೆಂಗಳೂರಿಗೂ ದೆಹಲಿಗೂ ಓಡಾಡುತ್ತಾರೆ, ಹೈಕಮಾಂಡ್ ಪಟ್ಟಿ ಪ್ರಕಟಿಸುತ್ತದೆ, ಬಿ ಫಾರಂ ಕೈಗೆ ಬಂದವರು ಅಭ್ಯರ್ಥಿಯಾಗುತ್ತಾರೆ. ಆ ತೀರ್ಮಾನದಲ್ಲಿ ಸಾಮಾನ್ಯ ಕಾರ್ಯಕರ್ತನ ಮಾತು ನಡೆಯುವುದು ಅಪರೂಪ. ದಾವಣಗೆರೆಯಲ್ಲಿ ಬೆಳೆದ ನನಗೆ ಮತ ಹಾಕಿ ಗೊತ್ತಿತ್ತೇ ಹೊರತು, ಅಭ್ಯರ್ಥಿಯನ್ನು ಆರಿಸುವ ಕೆಲಸಕ್ಕೆ ನನ್ನನ್ನು ಯಾರೂ ಕರೆದಿರಲಿಲ್ಲ. ಅಮೆರಿಕದ ಪೌರತ್ವ ದೊರೆತ ಮೇಲೆ, 2020ರ ಫೆಬ್ರವರಿ 3ರ ಸೋಮವಾರ ಸಂಜೆ, ಅಯೋವಾ ರಾಜ್ಯದ ವೆಸ್ಟ್ ಡೆಮಾಯಿನ್‌ನಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ಕಾಕಸ್‌ನಲ್ಲಿ ಆ ಕೆಲಸ ಮೊದಲ ಬಾರಿಗೆ ನನ್ನ ಪಾಲಿಗೆ ಬಂತು.

ಕಾಕಸ್ ಎಂದರೆ ಸರ್ಕಾರ ನಡೆಸುವ ಮತದಾನವಲ್ಲ, ದೇಶದ ಅಧ್ಯಕ್ಷ ಸ್ಥಾನಕ್ಕೆ ಪಕ್ಷದಿಂದ ಯಾರು ನಿಲ್ಲಬೇಕೆಂದು ಒಲವು ತಿಳಿಸಲು ಪಕ್ಷವೇ ನಡೆಸುವ ನೆರೆಹೊರೆಯವರ ಸಭೆ. ನಮ್ಮ ವಾರ್ಡುಗಳಂತೆ ವಿಂಗಡಿಸಿದ ಸುಮಾರು 1,700 ಪುಟ್ಟ ಕ್ಷೇತ್ರಗಳಲ್ಲಿ ಒಂದೇ ದಿನ, ರಾತ್ರಿ ಏಳಕ್ಕೆ ಸರಿಯಾಗಿ ಇದು ಆರಂಭವಾಗುತ್ತಿತ್ತು. 1972ರಿಂದ ಅಯೋವಾ ಎಲ್ಲ ರಾಜ್ಯಗಳಿಗಿಂತ ಮೊದಲು ತನ್ನ ಒಲವು ತಿಳಿಸುತ್ತ ಬಂದಿತ್ತು. 1976ರಲ್ಲಿ ಜಿಮ್ಮಿ ಕಾರ್ಟರ್ ಎಂಬ ಅಷ್ಟೇನೂ ಪರಿಚಿತರಲ್ಲದ ಮಾಜಿ ಗವರ್ನರ್ ಇಲ್ಲಿಂದಲೇ ದೇಶದ ಕಣ್ಣಿಗೆ ಬಿದ್ದರು. ಅಯೋವಾಕ್ಕೆ ಬಂದ ಆ ಹೆಸರಿನ ಬಲದಿಂದಾಗಿ ತಿಂಗಳುಗಟ್ಟಲೆ ಪ್ರಚಾರಕರಿಂದ ನಮ್ಮ ಮನೆಯ ಫೋನಿಗೂ ಬಾಗಿಲಿಗೂ ಬಿಡುವಿರಲಿಲ್ಲ.

ನಮ್ಮ ಸಭೆ ಸೇರಿದ್ದು ಶಾಲೆಯೊಂದರ ಊಟದ ಸಭಾಂಗಣದಲ್ಲಿ. ಬಾಗಿಲಲ್ಲಿ ಹೆಸರು ನೋಡಿ ಎರಡು ಬದಿಯ ಒಂದು ಕಾರ್ಡು ಕೊಟ್ಟರು. ಒಂದು ಬದಿಯಲ್ಲಿ ಮೊದಲ ಆಯ್ಕೆ, ಇನ್ನೊಂದರಲ್ಲಿ ಎರಡನೆಯ ಆಯ್ಕೆ ಬರೆದು ಸಹಿ ಹಾಕಬೇಕು. ಪೌರತ್ವವಿಲ್ಲದ ನನ್ನ ಯಜಮಾನರು ವೀಕ್ಷಕರ ಕುರ್ಚಿಯಲ್ಲಿ ಮಗಳೊಡನೆ ಕುಳಿತರು. ನವೆಂಬರ್ ಚುನಾವಣೆಯ ಹೊತ್ತಿಗೆ ಹದಿನೆಂಟು ತುಂಬುವವರೂ ಸೇರಬಹುದಾದ್ದರಿಂದ ಹೈಸ್ಕೂಲಿನ ಮಕ್ಕಳೂ ಸಾಲಿನಲ್ಲಿದ್ದರು. ಸಭೆಯ ಅಧ್ಯಕ್ಷರ ಆಯ್ಕೆ, ಸ್ವಾಗತ, ಪಕ್ಷದ ಖರ್ಚಿಗೆಂದು ಲಕೋಟೆಯಲ್ಲಿ ಚಂದಾ ಸಂಗ್ರಹ, ಇವೆಲ್ಲ ಬೇಗ ಮುಗಿದವು.

ಆಮೇಲೆ ಪ್ರತಿಯೊಬ್ಬರೂ ತಮ್ಮ ಅಭ್ಯರ್ಥಿಯ ಫಲಕದಡಿ ಹೋಗಿ ನಿಲ್ಲಬೇಕಿತ್ತು. ರಟ್ಟಿನ ಮರೆಯಲ್ಲಿ ಗುಂಡಿ ಒತ್ತಿ, ಗಂಡನಿಗೂ ಹೇಳದೆ ಬರುವುದನ್ನೇ ಮತದಾನವೆಂದು ತಿಳಿದವರಿಗೆ ಇದು ಸುಲಭವಲ್ಲ. ಕಚೇರಿಯಲ್ಲಿ ನನ್ನ ಮೇಲಧಿಕಾರಿಯಾಗಿರುವವರು ಪೀಟ್ ಬೂಟಜೆಜ್ ಗುಂಪಿನಲ್ಲಿದ್ದರು. ಅವರ ಕಣ್ಣೆದುರೇ ನಾನು ಹಾದು ಹೋಗಿ ಏಮಿ ಕ್ಲೋಬಶಾರ್ ಗುಂಪಿನಲ್ಲಿ ನಿಂತೆ. ಅವರು ನಕ್ಕು ಕೈಬೀಸಿದರೆಂಬುದು ಅವರ ದೊಡ್ಡತನವೇ ಹೊರತು ಈ ಪದ್ಧತಿಯ ಹೆಗ್ಗಳಿಕೆಯಲ್ಲ. ರಾತ್ರಿ ಪಾಳಿಯ ನರ್ಸ್ ಆಗಿರುವ ನಮ್ಮ ಪಕ್ಕದ ಮನೆಯಾಕೆ ಆ ಹೊತ್ತಿಗೆ ಆಸ್ಪತ್ರೆಯಲ್ಲಿದ್ದರು. ಪಾಳಿಯವರಿಗೆಂದು ಪಕ್ಷ ಕೆಲವು ಉಪಕೇಂದ್ರಗಳನ್ನು ತೆರೆದಿದ್ದರೂ ಅವು ಅವರ ಅನುಕೂಲಕ್ಕೆ ಒದಗಲಿಲ್ಲ.

ಮೊದಲ ಎಣಿಕೆಯಲ್ಲಿ ಸಭೆಯಲ್ಲಿದ್ದವರು 240. ನಿಯಮದ ಪ್ರಕಾರ ಶೇಕಡಾ 15ರಷ್ಟು, ಅಂದರೆ 36 ಜನರಿಲ್ಲದ ಗುಂಪು ಉಳಿಯುವಂತಿಲ್ಲ. ಬೂಟಜೆಜ್ 62, ಎಲಿಜಬೆತ್ ವಾರನ್ 50, ಬರ್ನಿ ಸ್ಯಾಂಡರ್ಸ್ 44. ನಾವು 34, ಜೋ ಬೈಡನ್ ಗುಂಪು 31. ಉಳಿದವರು ಆಂಡ್ರ್ಯೂ ಯಾಂಗ್, ಟಾಮ್ ಸ್ಟೈಯರ್ ಕಡೆಗೆ, ಮೂವರು ಯಾರ ಕಡೆಗೂ ಅಲ್ಲ. ಉಳಿಯುವ ಅರ್ಹತೆ ಪಡೆದ ಗುಂಪಿನವರು ಕದಲುವಂತಿರಲಿಲ್ಲ. ಹೀಗಾಗಿ ಅರ್ಹತೆ ಸಿಗದವರ ಸುತ್ತ ಜಾತ್ರೆಯೇ ನೆರೆಯಿತು.

ನನಗೆ ಆ ಸಂಜೆ ನಿಜವಾಗಿ ಶುರುವಾದದ್ದು ಈಗ. ಬೈಡನ್ ಗುಂಪಿನಲ್ಲಿದ್ದ ನಿವೃತ್ತ ರೈತರೊಬ್ಬರ ಬಳಿ ಹೋಗಿ, ಆರೋಗ್ಯ ವಿಮೆಯ ಬಗ್ಗೆ ನಾನು ಸಿದ್ಧಪಡಿಸಿಕೊಂಡಿದ್ದ ಮಾತುಗಳನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, "ನೀವೇ ಇತ್ತ ಬನ್ನಿ. ನಿಮ್ಮಲ್ಲಿ ಐವರು ಬಂದರೆ ನಾವು ಉಳಿಯುತ್ತೇವೆ" ಎಂದರು. "ನಿಮಗೆ ಐವರು ಬೇಕು, ನಮಗೆ ಇಬ್ಬರೇ ಸಾಕು" ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಮೂವತ್ತೆಂಟರ ಹುಡುಗ ಬೂಟಜೆಜ್‌ಗಿಂತ ಪಕ್ಕದ ಮಿನೆಸೋಟದ ಸೆನೆಟರ್ ವಾಸಿ ಎಂದು ಹೆಂಡತಿಯನ್ನೂ ಕರೆದುಕೊಂಡು ನಮ್ಮ ಕಡೆ ಬಂದರು. ನನ್ನ ವಿಮೆಯ ವಾದ ಗೆಲ್ಲಲಿಲ್ಲ, ಲೆಕ್ಕ ಗೆದ್ದಿತು. ಆದರೂ ದೇಶದ ಅಧ್ಯಕ್ಷ ಸ್ಥಾನಕ್ಕೆ ಯಾರು ಸ್ಪರ್ಧಿಸಬೇಕೆಂದು ಹೊಲ ಮಾಡಿದವರೊಬ್ಬರು, ದಾವಣಗೆರೆಯಿಂದ ಬಂದವಳೊಬ್ಬಳು ಊಟದ ಮೇಜಿನ ಪಕ್ಕ ನಿಂತು ಚೌಕಾಸಿ ಮಾಡುವುದು ನನಗೆ ಸಣ್ಣ ವಿಷಯವಾಗಿ ಕಾಣಲಿಲ್ಲ. ಪ್ರಚಾರಕ್ಕೆ ಬರಬೇಕಿದ್ದ ಸೆನೆಟರ್‌ಗಳಾದ ಕ್ಲೋಬಶಾರ್, ವಾರನ್, ಸ್ಯಾಂಡರ್ಸ್ ಮೂವರೂ ಟ್ರಂಪ್ ವಿರುದ್ಧದ ಮಹಾಭಿಯೋಗದ ವಿಚಾರಣೆಗಾಗಿ ಬಹಳ ದಿನಗಳಿಂದ ವಾಷಿಂಗ್ಟನ್ನಿನಲ್ಲಿ ಕಟ್ಟುಬಿದ್ದಿದ್ದರು. ಅವರ ಪರವಾಗಿ ಮಾತಾಡಲು ಇದ್ದವರು ನಮ್ಮಂಥವರೇ.

ಎರಡನೆಯ ಎಣಿಕೆಯಲ್ಲಿ ಬೂಟಜೆಜ್ 74, ವಾರನ್ 56, ಸ್ಯಾಂಡರ್ಸ್ 53, ನಾವು 52. ಐವರು ಮನೆಗೆ ಹೋಗಿದ್ದರು. ನಮ್ಮ ಕ್ಷೇತ್ರಕ್ಕೆ ಪಕ್ಷದ ಮುಂದಿನ ಹಂತವಾದ ಜಿಲ್ಲಾ ಸಮಾವೇಶದಲ್ಲಿ ಎಂಟು ಪ್ರತಿನಿಧಿ ಸ್ಥಾನಗಳಿದ್ದವು. ಅವನ್ನು ಹಂಚಲು ಗುಂಪಿನ ಸಂಖ್ಯೆಯನ್ನು ಎಂಟರಿಂದ ಗುಣಿಸಿ 240ರಿಂದ ಭಾಗಿಸಬೇಕು. 74ಕ್ಕೆ 2.47 ಬಂತು, ನಮ್ಮ 52ಕ್ಕೆ 1.73. ಹತ್ತಿರದ ಪೂರ್ಣಾಂಕಕ್ಕೆ ಸರಿಪಡಿಸಿದಾಗ ನಾಲ್ಕೂ ಗುಂಪಿಗೆ ಎರಡೆರಡು ಸ್ಥಾನ! ನಮಗಿಂತ ಇಪ್ಪತ್ತೆರಡು ಜನ ಹೆಚ್ಚಿದ್ದವರಿಗೂ ನಮ್ಮಷ್ಟೇ. ಅವರ ಗುಂಪಿನಲ್ಲಿ ಗೊಣಗಾಟವೆದ್ದಿತು. ಮೇಲಧಿಕಾರಿಯವರೂ ಫೋನಿನಲ್ಲಿ ಮತ್ತೊಮ್ಮೆ ಲೆಕ್ಕ ಹಾಕಿ ನೋಡಿದರು, ಅದೇ ಉತ್ತರ ಬಂತು. ಲಾಭ ನನ್ನ ಗುಂಪಿಗಾದರೂ ಇದನ್ನು ನ್ಯಾಯವೆನ್ನಲು ನನಗೆ ಬಾಯಿ ಬರಲಿಲ್ಲ. ಸಂಖ್ಯೆಗಳು ಪ್ರಕಟವಾದ ಕೂಡಲೇ ಹೆಚ್ಚಿನವರು ಹೊರಟುಬಿಟ್ಟರು. ಪಕ್ಷದ ನಿಲುವುಗಳ ಮೇಲಿನ ನಿರ್ಣಯಗಳಿಗೆ ಉಳಿದವರು ಬೆರಳೆಣಿಕೆಯಷ್ಟು ಮಂದಿ. ಪ್ರತಿನಿಧಿಯಾಗಲು ಯಾರೂ ಮುಂದೆ ಬಾರದ್ದರಿಂದ ನನ್ನ ಹೆಸರನ್ನೇ ಬರೆದುಕೊಂಡರು.

ಮರುದಿನ ಬೆಳಿಗ್ಗೆ ಅಮ್ಮ ಫೋನು ಮಾಡಿ, "ಯಾರು ಗೆದ್ದರೇ?" ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಫಲಿತಾಂಶ ಕಳಿಸಲೆಂದು ತಂದಿದ್ದ ಹೊಸ ಆ್ಯಪ್ ಕೈಕೊಟ್ಟು, ಫೋನ್ ಸಾಲುಗಳು ಕಿಕ್ಕಿರಿದು, ಮೊದಲ ಅಂಕಿಗಳು ಹೊರಬಂದದ್ದೇ ಮಂಗಳವಾರ ಮಧ್ಯಾಹ್ನದ ಮೇಲೆ. ಮಧ್ಯಾಹ್ನದೊಳಗೆ ಇವಿಎಂ ಎಣಿಕೆಯ ಚಿತ್ರ ಸಿಗುವುದನ್ನು ಕಂಡ ಅಮ್ಮನಿಗೆ ಅಮೆರಿಕದ ಮೇಲಿದ್ದ ಗೌರವ ಅಂದು ಇಳಿಯಿತು. ಕೊನೆಗೆ ಪ್ರತಿನಿಧಿ ಲೆಕ್ಕದಲ್ಲಿ ಬೂಟಜೆಜ್ ಕೂದಲೆಳೆಯಷ್ಟು ಮುಂದಿದ್ದರು, ಜನರ ಎಣಿಕೆಯಲ್ಲಿ ಸ್ಯಾಂಡರ್ಸ್.

ಮಾರ್ಚ್ 2ರಂದು ಕ್ಲೋಬಶಾರ್ ಕಣದಿಂದ ಹಿಂದೆ ಸರಿದು, ಅದೇ ದಿನ ಬೈಡನ್‌ಗೆ ಬೆಂಬಲ ಘೋಷಿಸಿದರು. ನಾನು ಯಾರ ಗುಂಪಿನಿಂದ ಜನರನ್ನು ಕರೆತಂದಿದ್ದೆನೋ ಅವರಿಗೇ! ಆ ರೈತರು ಅಂಗಡಿಯಲ್ಲಿ ಸಿಕ್ಕಾಗ, "ಈಗ ನೀವೇ ನನ್ನ ಕಡೆಗೆ ಬಂದಿರಿ" ಎಂದು ತಮಾಷೆ ಮಾಡಿದರು. ಮಾರ್ಚ್ 21ಕ್ಕೆ ನಿಗದಿಯಾಗಿದ್ದ ಜಿಲ್ಲಾ ಸಮಾವೇಶವನ್ನು ಕೋವಿಡ್ ಕಾರಣದಿಂದ ಮುಂದೂಡಿದರು. 2024ರಲ್ಲಿ ಅಯೋವಾದ ಡೆಮಾಕ್ರಟರು ಅಧ್ಯಕ್ಷೀಯ ಅಭ್ಯರ್ಥಿಯ ಆಯ್ಕೆಯನ್ನು ಅಂಚೆಯಲ್ಲಿ ಕಳುಹಿಸುವ ಕಾರ್ಡಿಗೆ ಬದಲಿಸಿದರು. ಪಕ್ಕದ ಮನೆಯ ನರ್ಸ್ ಆಸ್ಪತ್ರೆಗೆ ಹೊರಡುವ ಮೊದಲು ತಮ್ಮದನ್ನು ತುಂಬಿ ಕಳುಹಿಸಿದರು.