ಒಂದೇ ಟೆಸ್ಟ್ ನೋಡಿ ಕ್ರೊಮ್ಯಾಟಿನ್ ಬಿಗಿಯಾಯ್ತು ಅನ್ನಬೇಡಿ

ಡಿಎನ್ಎ ಯಾವ ಪ್ರೋಟೀನ್‌ಗಳ ಸುತ್ತ ಸುತ್ತಿಕೊಳ್ಳುತ್ತದೋ ಅವು ಹಿಸ್ಟೋನ್‌ಗಳು, ಅವುಗಳ ಬದಲಿ ರೂಪಗಳು ವೇರಿಯಂಟ್‌ಗಳು. ಈ ಹಿಸ್ಟೋನ್ ವೇರಿಯಂಟ್‌ಗಳ ಲ್ಯಾಬಿನಲ್ಲಿ ನನ್ನ ಪಾಲಿನ ಕೆಲಸ ಇಷ್ಟೇ: ಶುದ್ಧ ಮಾಡಿದ ಹಿಸ್ಟೋನ್ ಮತ್ತು ಡಿಎನ್ಎ ಸೇರಿಸಿ ನ್ಯೂಕ್ಲಿಯೋಸೋಮ್‌ಗಳ ಸರಣಿ ಕಟ್ಟುವುದು, ಆಮೇಲೆ ಅದು ಎಷ್ಟು ಮಡಚಿಕೊಳ್ಳುತ್ತದೆ ಅಂತ ಅಳೆಯುವುದು. ಡಿಎನ್ಎ, ಹಿಸ್ಟೋನ್ ಸೇರಿದ ಕಟ್ಟಿಗೆ ಕ್ರೊಮ್ಯಾಟಿನ್ ಅಂತೀವಿ. ಹೊಸದಾಗಿ ಸೇರುವವರು ಕೇಳುವ ಮೊದಲ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. "ಈ ವೇರಿಯಂಟ್ ಕ್ರೊಮ್ಯಾಟಿನ್ನನ್ನು ಬಿಗಿ ಮಾಡುತ್ತದಾ, ಸಡಿಲ ಮಾಡುತ್ತದಾ?" ನಾನು ತಿರುಗಿ ಕೇಳುವುದು, "ಯಾವ ಟೆಸ್ಟಿನಲ್ಲಿ?"

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. ಮನುಷ್ಯನ ಒಂದು ಜೀವಕೋಶದಲ್ಲಿ ಸುಮಾರು 2 ಮೀಟರ್ ಡಿಎನ್ಎ ಇದೆ. ಅದು ಕೆಲವೇ ಮೈಕ್ರೋಮೀಟರ್ ಅಗಲದ ನ್ಯೂಕ್ಲಿಯಸ್ ಒಳಗೆ ಹಿಡಿಯಬೇಕು. ಎಚ್2ಎ, ಎಚ್2ಬಿ, ಎಚ್3, ಎಚ್4 ಎರಡೆರಡು ಸೇರಿ ಎಂಟು ಹಿಸ್ಟೋನ್‌ಗಳ ಒಂದು ಗುಂಪಾಗುತ್ತದೆ. ಅದರ ಸುತ್ತ 147 ಬೇಸ್ ಜೋಡಿ ಡಿಎನ್ಎ ಎರಡು ಸುತ್ತಿಗೆ ಸ್ವಲ್ಪ ಕಡಿಮೆ ಸುತ್ತಿಕೊಳ್ಳುತ್ತದೆ. ಇದೇ ಒಂದು ನ್ಯೂಕ್ಲಿಯೋಸೋಮ್. ಮಾಮೂಲಿ ಹಿಸ್ಟೋನ್‌ಗಳು ಬಹುಪಾಲು ಡಿಎನ್ಎ ನಕಲಾಗುವ ಹೊತ್ತಿನಲ್ಲಿ ತಯಾರಾಗುತ್ತವೆ. ವೇರಿಯಂಟ್‌ಗಳಲ್ಲಿ ಹಲವು ಬೇರೆ ಹೊತ್ತಿನಲ್ಲೂ ತಯಾರಾಗಿ, ತಮ್ಮದೇ ಸಹಾಯಕ ಪ್ರೋಟೀನ್‌ಗಳ ಮೂಲಕ ಒಳಗೆ ಸೇರುತ್ತವೆ.

ನ್ಯೂಕ್ಲಿಯೋಸೋಮ್‌ನ ಮೇಲ್ಮೈಯಲ್ಲಿ, ಎಚ್2ಎ ಮತ್ತು ಎಚ್2ಬಿ ಸೇರುವ ಕಡೆ, ಋಣ ಚಾರ್ಜ್ ಇರುವ ಒಂದು ಸಣ್ಣ ಜಾಗ ಇದೆ. ಆಸಿಡಿಕ್ ಪ್ಯಾಚ್ ಅಂತೀವಿ. ಪಕ್ಕದ ನ್ಯೂಕ್ಲಿಯೋಸೋಮ್‌ನ ಎಚ್4 ಬಾಲದಲ್ಲಿ ಧನ ಚಾರ್ಜ್ ಇದೆ, ಅದು ಬಂದು ಇಲ್ಲಿ ಕೂರುತ್ತದೆ. 1997ರಲ್ಲಿ ಬಂದ ನ್ಯೂಕ್ಲಿಯೋಸೋಮ್ ಕ್ರಿಸ್ಟಲ್ ರಚನೆಯಲ್ಲೇ ಈ ಸಂಪರ್ಕ ಕಾಣಿಸಿತ್ತು. ಎಚ್4ರ 16ನೇ ಸ್ಥಾನದಲ್ಲಿರುವ ಲೈಸಿನ್ ಅನ್ನುವ ಅಮೈನೋ ಆಸಿಡ್‌ಗೆ ಅಸಿಟೈಲ್ ಗುಂಪು ಅಂಟಿದರೆ ಸರಣಿ ಸರಿಯಾಗಿ ಮಡಚಿಕೊಳ್ಳುವುದಿಲ್ಲ ಅಂತ 2006ರಲ್ಲಿ ತೋರಿಸಿದರು. ಎಚ್2ಎ ವೇರಿಯಂಟ್‌ಗಳ ಆಟ ಬಹಳ ಮಟ್ಟಿಗೆ ನಡೆಯುವುದು ಈ ಜಾಗದಲ್ಲೇ.

ಈಗ ಟೆಸ್ಟ್‌ಗಳ ವಿಷಯ. ಮೊದಲನೆಯದರಲ್ಲಿ, ಮಡಚಿಕೊಳ್ಳಲಿ ಅಂತ ಸರಣಿಗೆ ಸ್ವಲ್ಪ ಮೆಗ್ನೀಸಿಯಮ್ ಕೊಟ್ಟು ಅನಲಿಟಿಕಲ್ ಅಲ್ಟ್ರಾಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುತ್ತೇವೆ. ಮಡಚಿಕೊಂಡ ಸರಣಿ ಬೇಗ ಕೆಳಗಿಳಿಯುತ್ತದೆ, ಬಿಡಿಸಿಕೊಂಡದ್ದು ನಿಧಾನ. ಎರಡನೆಯದರಲ್ಲಿ ಮೆಗ್ನೀಸಿಯಮ್ ಏರಿಸುತ್ತಾ ಹೋಗಿ, ಸಾಮಾನ್ಯ ಸೆಂಟ್ರಿಫ್ಯೂಜ್‌ನಲ್ಲೇ ತಿರುಗಿಸಿ, ಎಷ್ಟು ಸರಣಿ ಮೇಲಿನ ನೀರಿನಲ್ಲಿ ಉಳಿಯಿತು ಅಂತ ನೋಡುತ್ತೇವೆ. ಮೊದಲನೆಯದು ಒಂದು ಸರಣಿ ತನ್ನೊಳಗೆ ಎಷ್ಟು ಮಡಚಿಕೊಂಡಿತು ಅಂತ ಹೇಳುತ್ತದೆ. ಎರಡನೆಯದು ಸರಣಿಗೆ ಸರಣಿ ಎಷ್ಟು ಸುಲಭವಾಗಿ ಅಂಟಿಕೊಂಡಿತು ಅಂತ ಹೇಳುತ್ತದೆ. ಇವೆರಡೂ ಬೇರೆ ಬೇರೆ ಸಂಗತಿಗಳು.

ಎಚ್2ಎ.ಝಡ್ ಅನ್ನುವ ಎಚ್2ಎ ವೇರಿಯಂಟ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಆಸಿಡಿಕ್ ಪ್ಯಾಚ್ ಮಾಮೂಲಿ ಎಚ್2ಎಗಿಂತ ಸ್ವಲ್ಪ ಉದ್ದ. ಡೇವಿಡ್ ಟ್ರೆಮೆಥಿಕ್ ಅವರ ಗುಂಪು 2002ರಲ್ಲಿ ತೋರಿಸಿದ್ದು ಏನೆಂದರೆ, ಎಚ್2ಎ.ಝಡ್ ಇರುವ ಸರಣಿ ತನ್ನೊಳಗೆ ಸುಲಭವಾಗಿ ಮಡಚಿಕೊಳ್ಳುತ್ತದೆ, ಆದರೆ ಬೇರೆ ಸರಣಿಗಳ ಜೊತೆ ಅಂಟಿಕೊಳ್ಳಲು ಹಿಂದೇಟು ಹಾಕುತ್ತದೆ. ಒಂದೊಂದು ಬಟ್ಟೆಯನ್ನೂ ನೀಟಾಗಿ ಮಡಚಿದ ಮಾತ್ರಕ್ಕೆ ರಾಶಿ ಒತ್ತಾಗಿ ಕೂರುತ್ತದೆ ಅಂತ ಏನಿಲ್ಲ, ಅಲ್ವಾ? ಬರೀ ಮೊದಲ ಟೆಸ್ಟ್ ಮಾಡಿದವರು "ಬಿಗಿ ಮಾಡುತ್ತದೆ" ಅಂತಾರೆ, ಬರೀ ಎರಡನೆಯದು ಮಾಡಿದವರು "ಸಡಿಲ" ಅಂತಾರೆ. ಇಬ್ಬರ ಡೇಟಾದಲ್ಲೂ ತಪ್ಪಿರುವುದಿಲ್ಲ. ಈ ವೇರಿಯಂಟ್ ಬಗ್ಗೆ ಮೀಟಿಂಗ್‌ಗಳಲ್ಲಿ ನಡೆಯುವ ಜಗಳದಲ್ಲಿ ಅರ್ಧ ಇದೇ ಜಗಳ ಅಂತ ನನ್ನ ಅನಿಸಿಕೆ.

ಎಚ್2ಎ.ಬಿ ಇದಕ್ಕೆ ಉಲ್ಟಾ. ಮೊದಲು ಇದನ್ನು ಎಚ್2ಎ.ಬಿಬಿಡಿ ಅಂತ ಕರೆಯುತ್ತಿದ್ದರು. ಹೆಣ್ಣಿನ ಜೀವಕೋಶದಲ್ಲಿ ಮುಚ್ಚಿಹೋಗಿರುವ ಎಕ್ಸ್ ಕ್ರೋಮೋಸೋಮ್‌ನಲ್ಲಿ, ಅಂದರೆ ಬಾರ್ ಬಾಡಿಯಲ್ಲಿ, ಇದು ಕಾಣಸಿಗುವುದಿಲ್ಲ. ಬಿಬಿಡಿ (ಬಾರ್ ಬಾಡಿ ಡಿಫಿಶಿಯೆಂಟ್) ಅನ್ನುವ ಆ ಹೆಸರು ಬಂದದ್ದೇ ಹಾಗೆ. ಇದರಲ್ಲಿ ಆಸಿಡಿಕ್ ಪ್ಯಾಚ್ ಸರಿಯಾಗಿ ಇಲ್ಲ, ಪ್ರೋಟೀನಿನ ತುದಿಯೂ ಮೊಟಕು. ಎಚ್4 ಬಾಲಕ್ಕೆ ಹಿಡಿದುಕೊಳ್ಳಲು ಜಾಗ ಇಲ್ಲದ ಕಾರಣ ಸರಣಿ ಮಡಚಿಕೊಳ್ಳುವುದೇ ಇಲ್ಲ ಅನ್ನುವಷ್ಟು ಕಡಿಮೆ. ಆ ಚಾರ್ಜನ್ನು ಎಂಜಿನಿಯರಿಂಗ್ ಮಾಡಿ ವಾಪಸ್ ತಂದರೆ ಮಡಚಿಕೊಳ್ಳುವ ಗುಣವೂ ವಾಪಸ್ ಬರುತ್ತದೆ.

ಆದರೆ ಎಚ್2ಎ.ಬಿ ಜೊತೆ ಕೆಲಸ ಮಾಡುವವರಿಗೆ ಇನ್ನೊಂದು ತಾಪತ್ರಯ ಇದೆ. ಈ ನ್ಯೂಕ್ಲಿಯೋಸೋಮ್ ಸುಮಾರು 120 ಬೇಸ್ ಜೋಡಿಯನ್ನಷ್ಟೇ ಗಟ್ಟಿಯಾಗಿ ಹಿಡಿದಿರುತ್ತದೆ, ಎರಡೂ ತುದಿಗಳು ಬಿಟ್ಟುಕೊಂಡಿರುತ್ತವೆ. ಡಿಎನ್ಎ ಕತ್ತರಿಸುವ ಮೈಕ್ರೋಕಾಕಲ್ ನ್ಯೂಕ್ಲಿಯೇಸ್ ಅನ್ನುವ ಕಿಣ್ವ ಹಾಕಿದರೆ ಆ ತುದಿಗಳು ಬೇಗ ಕತ್ತರಿಸಿಹೋಗುತ್ತವೆ. ಜೆಲ್‌ನಲ್ಲಿ ಬ್ಯಾಂಡ್ ಚಿಕ್ಕದಾಗಿ, ಮಸುಕಾಗಿ ಕಾಣುತ್ತದೆ. ಅದನ್ನು ನೋಡಿ "ನ್ಯೂಕ್ಲಿಯೋಸೋಮ್ ಕಡಿಮೆ ಕೂತಿದೆ" ಅಂತ ಅಂದುಕೊಳ್ಳುವುದು ಬಹಳ ಸುಲಭ.

ನಿಜವಾಗಲೂ ಕಡಿಮೆ ಕೂತಿದ್ದರೆ ಅದು ಬೇರೆಯದೇ ತಲೆನೋವು. ನಾವು 601 ಅನ್ನುವ ಡಿಎನ್ಎ ತುಣುಕನ್ನು 12 ಸಲ ಸಾಲಾಗಿ ಇಟ್ಟ ಡಿಎನ್ಎ ಬಳಸುತ್ತೇವೆ. ಒಂದೊಂದು ತುಣುಕಿನ ಮೇಲೂ ಒಂದೊಂದು ನ್ಯೂಕ್ಲಿಯೋಸೋಮ್ ಕೂರಬೇಕು. ಎರಡು ಜಾಗ ಖಾಲಿ ಬಿದ್ದರೂ ಸರಣಿ ಕಡಿಮೆ ಮಡಚಿಕೊಳ್ಳುತ್ತದೆ, ಅದಕ್ಕೂ ವೇರಿಯಂಟ್‌ಗೂ ಸಂಬಂಧವೇ ಇರುವುದಿಲ್ಲ. ಅದಕ್ಕೇ ಮೆಗ್ನೀಸಿಯಮ್ ಮುಟ್ಟುವ ಮೊದಲು ಸರಣಿಯನ್ನು ತುಣುಕುಗಳ ನಡುವೆ ಕತ್ತರಿಸಿ, ಜೆಲ್‌ನಲ್ಲಿ ಬರೀ ಡಿಎನ್ಎ ಬ್ಯಾಂಡ್ ಉಳಿದಿದೆಯಾ ಅಂತ ನೋಡುತ್ತೇವೆ. ಮಾಮೂಲಿ ಎಚ್2ಎ ಸರಣಿ ಮತ್ತು ವೇರಿಯಂಟ್ ಸರಣಿ ಎರಡರಲ್ಲೂ ಸಮನಾಗಿ ತುಂಬಿರಬೇಕು. ಸಮ ಇಲ್ಲದಿದ್ದರೆ ಆ ಜೋಡಿಯನ್ನು ಹೋಲಿಸುವುದೇ ಬೇಡ, ಮತ್ತೆ ಕಟ್ಟಿದರೆ ಆಯಿತು.

ಬಫರಿನ ಮೇಲೂ ಒಂದು ಕಣ್ಣಿರಲಿ. ಇಡಿಟಿಎ ಅನ್ನುವ ರಾಸಾಯನಿಕ ಒಂದಕ್ಕೊಂದರಂತೆ ಮೆಗ್ನೀಸಿಯಮ್ಮನ್ನು ಹಿಡಿದುಕೊಳ್ಳುತ್ತದೆ. ಬಫರಿನಲ್ಲಿ 1 ಮಿಲಿಮೋಲಾರ್ ಇಡಿಟಿಎ ಇಟ್ಟು, 1 ಮಿಲಿಮೋಲಾರ್ ಮೆಗ್ನೀಸಿಯಮ್ ಸೇರಿಸಿದರೆ ಸರಣಿಗೆ ಸಿಗುವುದು ಬಹುತೇಕ ಸೊನ್ನೆ. ಬಾಟಲಿಯ ಮೇಲೆ ಬರೆದಿರುವ ಸಂಖ್ಯೆ ಮಾತ್ರ ಚೆನ್ನಾಗಿಯೇ ಇರುತ್ತದೆ.

ಟ್ಯೂಬಿನಲ್ಲಿ ಕಂಡದ್ದನ್ನು ಜೀವಕೋಶಕ್ಕೆ ಹಚ್ಚುವಾಗ ನಾನು ಇನ್ನೂ ಜಾಸ್ತಿ ಜುಗ್ಗ. ಎಚ್3ರ ವೇರಿಯಂಟ್ ಎಚ್3.3 ತಗೊಳ್ಳಿ. ಮಾಮೂಲಿ ಎಚ್3.1ಕ್ಕೂ ಅದಕ್ಕೂ 5 ಅಮೈನೋ ಆಸಿಡ್‌ಗಳಷ್ಟೇ ವ್ಯತ್ಯಾಸ. ಹೀರಾ ಅನ್ನುವ ಸಹಾಯಕನ ಮೂಲಕ ಅದು ಚುರುಕಾಗಿ ಓದಲ್ಪಡುವ ಜೀನ್‌ಗಳಿಗೆ ಸೇರುತ್ತದೆ. ಎಟಿಆರ್‌ಎಕ್ಸ್ ಮತ್ತು ಡ್ಯಾಕ್ಸ್ ಅನ್ನುವ ಪ್ರೋಟೀನ್‌ಗಳ ಜೋಡಿ ಅದನ್ನೇ ಟೆಲೊಮೀರ್‌ನಂಥ (ಕ್ರೋಮೋಸೋಮ್‌ನ ತುದಿ) ಮುಚ್ಚಿದ ಜಾಗಗಳಿಗೆ ಒಯ್ಯುತ್ತದೆ. ಒಂದೇ ಪ್ರೋಟೀನ್, ತದ್ವಿರುದ್ಧ ವಿಳಾಸಗಳು. ಅದನ್ನು "ತೆರೆದ ಕ್ರೊಮ್ಯಾಟಿನ್ ಗುರುತು" ಅಂತ ಸುಮ್ನೆ ಬರೆದುಬಿಡುವ ಸ್ಲೈಡ್ ನೋಡಿದರೆ ನನಗೆ ಕಿರಿಕಿರಿ. ಟ್ಯೂಬಿನಲ್ಲಿ ಕಾಣುವ 30 ನ್ಯಾನೋಮೀಟರ್ ದಪ್ಪದ ಅಚ್ಚುಕಟ್ಟಾದ ಎಳೆಯ ಕಥೆಯೂ ಅಷ್ಟೇ. 2017ರಲ್ಲಿ ಎಲೆಕ್ಟ್ರಾನ್ ಟೊಮೊಗ್ರಫಿಯಿಂದ ಮನುಷ್ಯರ ಜೀವಕೋಶಗಳನ್ನು ನೋಡಿದಾಗ ಸಿಕ್ಕಿದ್ದು 5ರಿಂದ 24 ನ್ಯಾನೋಮೀಟರ್ ದಪ್ಪದ, ಹೇಗೆಂದರೆ ಹಾಗೆ ಬಾಗಿದ ಎಳೆಗಳು. ಬಿಗಿ ಜಾಗಕ್ಕೂ ಸಡಿಲ ಜಾಗಕ್ಕೂ ಇದ್ದ ವ್ಯತ್ಯಾಸ ಎಳೆಗಳು ಎಷ್ಟು ಒತ್ತಾಗಿ ಸೇರಿವೆ ಅನ್ನುವುದರಲ್ಲಿತ್ತು. ಅದಕ್ಕೇ ಎರಡನೇ ಟೆಸ್ಟನ್ನು ಕಡೆಗಣಿಸಬೇಡಿ ಅಂತ ನಾನು ಬಡಕೊಳ್ಳುವುದು.

ಮ್ಯಾಕ್ರೋಎಚ್2ಎ ಅನ್ನುವ ವೇರಿಯಂಟ್ ಮೇಲೆ ಕೆಲಸ ಮಾಡುವವರಿಗೆ ಕೊನೆಯದಾಗಿ ಒಂದು ಮಾತು. ಇದು ಎಚ್2ಎಗಿಂತ ಸುಮಾರು ಮೂರು ಪಟ್ಟು ದೊಡ್ಡದು, ಪ್ರತಿ ನ್ಯೂಕ್ಲಿಯೋಸೋಮ್‌ನಲ್ಲಿ ಎರಡು ಇರಬಹುದು. ತೂಕ ಹೆಚ್ಚಾದರೆ ಸರಣಿ ಕೆಳಗಿಳಿಯುವ ವೇಗವೂ ಬದಲಾಗುತ್ತದೆ, ಮಡಚಿಕೊಳ್ಳದಿದ್ದರೂ ಕೂಡ. ಹಾಗಾಗಿ ಅದೇ ಸರಣಿಯನ್ನು ಮೆಗ್ನೀಸಿಯಮ್ ಇಲ್ಲದೆಯೂ ಒಮ್ಮೆ ತಿರುಗಿಸಿ, ಆ ಸಂಖ್ಯೆಯನ್ನು ಪಕ್ಕದಲ್ಲಿಟ್ಟುಕೊಂಡೇ ಗ್ರಾಫ್ ಹಾಕಿ.