ನಡುಮಧ್ಯಾಹ್ನ ಬಾಡಿದ ಗಿಡಕ್ಕೆ ನೀರು ಬಿಡುವ ಮುನ್ನ: ಅರಿಝೋನಾದ ಹೆಂಪ್ ಹೊಲದ ಕೆಲಸದ ಅನುಭವ

ಅಮೆರಿಕದ ಅರಿಝೋನಾ ರಾಜ್ಯದ ಪೈನಲ್ ಕೌಂಟಿಯಲ್ಲಿ ಪರವಾನಗಿ ಪಡೆದ ಹೆಂಪ್ ಹೊಲವೊಂದರಲ್ಲಿ ನೀರಾವರಿ ಮತ್ತು ಬೆಳೆ ನಿರ್ವಹಣೆ ನನ್ನ ಹೊಣೆ. ಜೂನ್ ತಿಂಗಳು ಬಂತೆಂದರೆ ಹೊಸದಾಗಿ ಕೆಲಸಕ್ಕೆ ಸೇರಿದವರು ಎರಡು ಗಂಟೆಯ ಬಿಸಿಲಿನಲ್ಲಿ ಓಡಿಬಂದು, ಗಿಡಗಳೆಲ್ಲ ಬಾಡಿವೆ, ವಾಲ್ವ್ ತೆರೆಯಲೇ ಎಂದು ಕೇಳುತ್ತಾರೆ. ಬೇಡವೆಂದರೆ ನನ್ನನ್ನು ಕರುಣೆಯಿಲ್ಲದವನಂತೆ ನೋಡುತ್ತಾರೆ. ಈ ‘ಬೇಡ’ದ ಹಿಂದಿನ ಕಾರಣವನ್ನೂ, ಮರುಭೂಮಿಯಲ್ಲಿ ಈ ಬೆಳೆಯನ್ನು ಬಯಲಿನಲ್ಲಿ ಬೆಳೆಯುವಾಗ ತಾಪಮಾಪಕಕ್ಕಿಂತ ಮೊದಲು ನೋಡಬೇಕಾದ ಸಂಗತಿಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಊರಿನ ಓದುಗರಿಗೆ ಒಂದು ಸ್ಪಷ್ಟನೆ. ಹೆಂಪ್ ಎಂಬುದು ಗಾಂಜಾ ಗಿಡದ ಜಾತಿಗೇ ಸೇರಿದ, ಆದರೆ ಅಮಲೇರಿಸುವ ಟಿಎಚ್‌ಸಿ ಎಂಬ ರಾಸಾಯನಿಕದ ಅಂಶ ತೀರ ಕಡಿಮೆಯಿರುವ ಬೆಳೆ. ಅಮೆರಿಕದಲ್ಲಿ 2018ರ ಕೃಷಿ ಮಸೂದೆಯು ಒಣತೂಕದಲ್ಲಿ ಶೇ. 0.3ರ ಮಿತಿ ಹಾಕಿ ಇದಕ್ಕೆ ಅನುಮತಿ ನೀಡಿತು. ಭಾರತದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಅನುಮತಿಯಿಲ್ಲದೆ ಗಾಂಜಾ ಗಿಡ ಬೆಳೆಯುವುದು ಅಪರಾಧ. ಉತ್ತರಾಖಂಡದಂಥ ಕೆಲವೆಡೆ ಮಾತ್ರ ಕೈಗಾರಿಕಾ ಹೆಂಪಿಗೆ ಪರವಾನಗಿಯ ವ್ಯವಸ್ಥೆಯಿದೆ. ಹಾಗಾಗಿ ಇದನ್ನು ಓದಿ ಯಾರೂ ಹಿತ್ತಲಿನಲ್ಲಿ ಬೀಜ ಹಾಕುವ ಯೋಚನೆ ಮಾಡಬಾರದು.

ಇಲ್ಲಿನ ಸೆಕೆ ಎಂಥದೆಂಬುದಕ್ಕೆ ಒಂದು ಲೆಕ್ಕ ಸಾಕು. 2023ರಲ್ಲಿ ಪಕ್ಕದ ಫೀನಿಕ್ಸ್ ನಗರದಲ್ಲಿ ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ ಗರಿಷ್ಠ ತಾಪಮಾನ 43 ಡಿಗ್ರಿ ದಾಟಿತ್ತು. ಅದೇ ಬೇಸಿಗೆಯಲ್ಲಿ ಸತತ 16 ರಾತ್ರಿ ಕನಿಷ್ಠ ತಾಪಮಾನ 32ಕ್ಕಿಂತ ಕೆಳಗಿಳಿಯಲಿಲ್ಲ. ಹಗಲಿನ ಬಿಸಿಲನ್ನು ಹೆಂಪ್ ಗಿಡ ಹೇಗೋ ತಡೆದುಕೊಳ್ಳುತ್ತದೆ. ಆರದ ರಾತ್ರಿಗಳು ಅದನ್ನು ಹೆಚ್ಚು ಬಳಲಿಸುತ್ತವೆ, ಏಕೆಂದರೆ ಹಗಲು ಕೂಡಿಟ್ಟ ಸಕ್ಕರೆಯ ದೊಡ್ಡ ಪಾಲನ್ನು ಅದು ರಾತ್ರಿಯ ಉಸಿರಾಟದಲ್ಲಿಯೇ ಕಳೆದುಕೊಳ್ಳುತ್ತದೆ.

ಗಾಳಿಯಲ್ಲಿ ತೇವ ಶೇ. 10ರಷ್ಟೇ ಇರುವ ಮಧ್ಯಾಹ್ನ, ಬೇರು ಎಷ್ಟೇ ಚುರುಕಾಗಿ ನೀರೆತ್ತಿದರೂ ಎಲೆಯಿಂದ ಆವಿಯಾಗುವ ವೇಗವನ್ನು ಅದು ಸರಿಗಟ್ಟಲಾರದು. ಆಗ ಗಿಡ ತನ್ನ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ, ಎಲೆಯ ಅಂಚುಗಳು ದೊನ್ನೆಯಂತೆ ಮೇಲಕ್ಕೆ ಮಡಚಿಕೊಳ್ಳುತ್ತವೆ. ಮಣ್ಣಿನಲ್ಲಿ ನೀರು ಸಾಕಷ್ಟಿದ್ದರೂ ಹೀಗಾಗುತ್ತದೆ. ಆ ಹೊತ್ತಿನಲ್ಲಿ ಇನ್ನಷ್ಟು ನೀರು ಹರಿಸಿದರೆ ಗಿಡಕ್ಕೆ ಯಾವ ಉಪಕಾರವೂ ಇಲ್ಲ, ಉಪಕಾರವಾಗುವುದು ಪಿಥಿಯಂ ಅಫಾನಿಡರ್ಮೇಟಮ್ ಎಂಬ ಶಿಲೀಂಧ್ರದಂಥ ಜೀವಿಗೆ. ಕೊಡಗು, ಹಾಸನ, ಶಿವಮೊಗ್ಗದ ಶುಂಠಿ ಬೆಳೆಗಾರರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. ಗಡ್ಡೆ ಕೊಳೆ ರೋಗದ ಹಿಂದೆ ಇರುವುದು ಇದೇ. ಬಿಸಿ ಮಣ್ಣು ಮತ್ತು ನಿಂತ ತೇವ ಎರಡೂ ಒಟ್ಟಿಗೆ ಸಿಕ್ಕರೆ ಇದು ಹೆಂಪ್ ಗಿಡದ ಬುಡವನ್ನೂ ಕೊಳೆಸುತ್ತದೆ, ಮತ್ತು ಅರಿಝೋನಾದ ಹೊಲಗಳಲ್ಲಿ ಇದು ಈಗಾಗಲೇ ದಾಖಲಾಗಿರುವ ರೋಗ. ಬುಡ ಕೊಳೆತ ಗಿಡವೂ ಮೊದಲು ಬಾಡಿಯೇ ಕಾಣುವುದರಿಂದ, ನೀರು ಸಾಲದೆಂದು ಭಾವಿಸಿ ಮತ್ತೆ ನೀರು ಬಿಡುವವರಿದ್ದಾರೆ. ಸಾಲು ಸಾಲೇ ಸಾಯುವುದು ಹೀಗೆಯೇ.

ಆದ್ದರಿಂದ ನಾವು ಗಿಡವನ್ನು ನೋಡುವುದು ಸೂರ್ಯ ಹುಟ್ಟುವ ಮೊದಲು. ರಾತ್ರಿಯಿಡೀ ನೀರೆಳೆದುಕೊಂಡ ಮೇಲೂ ಮುಂಜಾನೆ ಎಲೆ ಜೋತುಬಿದ್ದಿದ್ದರೆ ಮಾತ್ರ ಅದು ಗಂಭೀರ. ಆಗ ಸಲಿಕೆ ತೆಗೆದುಕೊಂಡು ಬುಡದಿಂದ ಒಂದು ಗೇಣು ದೂರದಲ್ಲಿ ಒಂದಡಿ ಆಳಕ್ಕೆ ಅಗೆದು, ತಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡುತ್ತೇವೆ. ಉಂಡೆ ಕಟ್ಟಿ, ಬೆರಳಿನಿಂದ ಒತ್ತಿದರೆ ಒಡೆಯುವಂತಿದ್ದರೆ ಹದ ಸರಿಯಿದೆಯೆಂದು ಅರ್ಥ, ಬಾಡಿದ್ದಕ್ಕೆ ಕಾರಣ ಬೇರೆಲ್ಲೋ ಇದೆ; ಬೇರಿನ ಸಿಪ್ಪೆಯನ್ನು ಉಗುರಿನಿಂದ ಕೆರೆದಾಗ ಅದು ಕಂದು ಬಣ್ಣಕ್ಕೆ ತಿರುಗಿ ಜಾರಿ ಬಂದರೆ ಕಾರಣವೂ ಸಿಕ್ಕಂತಾಯಿತು. ತೇವಾಂಶದ ಸೆನ್ಸರ್‌ಗಳು ನಮ್ಮಲ್ಲಿವೆ, ಅವುಗಳ ನಕ್ಷೆಯನ್ನು ದಿನವೂ ನೋಡುತ್ತೇನೆ. ಆದರೆ ವಾಲ್ವಿನ ತೀರ್ಮಾನವನ್ನು ಸಲಿಕೆಗೇ ಬಿಟ್ಟಿದ್ದೇನೆ. ಹನಿ ನೀರಾವರಿಯನ್ನು ಬೆಳಗಿನ ಜಾವ 4 ಗಂಟೆಗೆ ಆರಂಭಿಸಿ, ಸ್ವಲ್ಪ ಸ್ವಲ್ಪವಾಗಿ ಕೊಟ್ಟು, 10ರೊಳಗೆ ಮುಗಿಸುತ್ತೇವೆ. ಮಧ್ಯಾಹ್ನ ವಾಲ್ವ್ ತೆರೆಯದಿರುವುದಕ್ಕೆ ಇನ್ನೊಂದು ಕಾರಣವೂ ಉಂಟು: ನೆಲದ ಮೇಲೆ ಬಿದ್ದಿರುವ ಕಪ್ಪು ಲ್ಯಾಟರಲ್ ಪೈಪಿನಲ್ಲಿ ನಿಂತ ನೀರು ಕೈ ಇಡಲಾಗದಷ್ಟು ಕಾದಿರುತ್ತದೆ, ಮೊದಲ ಕೆಲವು ನಿಮಿಷ ಬುಡಕ್ಕೆ ಬೀಳುವುದು ಅದೇ ಬಿಸಿನೀರು. ಪೈಪನ್ನು ಮಣ್ಣಿನಡಿ ಹೂಳುವುದು ಅಥವಾ ಬಿಳಿ ಮೇಲ್ಮೈಯ ಹೊದಿಕೆಯ ಕೆಳಗೆ ಹಾಯಿಸುವುದು ಲೇಸು. ಇಲ್ಲಿ ಕಪ್ಪು ಹೊದಿಕೆ ಹಾಕುವುದು ಎಳೆ ಸಸಿಯ ಕಾಂಡವನ್ನು ಸುಡುವುದಕ್ಕೆ ಸಮ.

ನೀರಿನ ಇನ್ನೊಂದು ಮುಖ ಉಪ್ಪು. ನೀರಿನಲ್ಲಿ ಕರಗಿದ ಉಪ್ಪನ್ನು ತಿಳಿಸುವ ವಿದ್ಯುತ್ ವಾಹಕತೆ ನಮ್ಮಲ್ಲಿ ಮೀಟರಿಗೆ 1 ಡೆಸಿಸೀಮೆನ್ಸ್ ಆಸುಪಾಸಿನಲ್ಲಿದೆ, ಅಂದರೆ ಲೀಟರಿಗೆ ಸುಮಾರು 640 ಮಿಲಿಗ್ರಾಂ ಲವಣ. ಕುಡಿದರೆ ಸ್ವಲ್ಪ ಸಪ್ಪೆ ಗಡಸು ಅನ್ನಿಸುತ್ತದೆ, ಅಷ್ಟೇ. ಆದರೆ ಒಂದು ಹೆಕ್ಟೇರಿಗೆ ಒಂದು ಮೀಟರ್ ಎತ್ತರದಷ್ಟು ಈ ನೀರನ್ನು ಹರಿಸಿದರೆ ಸುಮಾರು 6.4 ಟನ್ ಉಪ್ಪನ್ನು ಹೊಲಕ್ಕೆ ತಂದು ಸುರಿದಂತಾಗುತ್ತದೆ, ಮತ್ತು ವರ್ಷಕ್ಕೆ 200 ಮಿಲಿಮೀಟರ್ ಆಜುಬಾಜು ಮಳೆ ಬೀಳುವ ನೆಲದಲ್ಲಿ ಅದನ್ನು ತೊಳೆಯುವವರು ಯಾರೂ ಇಲ್ಲ. ತುಂಗಭದ್ರಾ ಅಚ್ಚುಕಟ್ಟಿನ ಸಿಂಧನೂರು, ಸಿರುಗುಪ್ಪ ಕಡೆಯ ಸವಳು ಭೂಮಿಯನ್ನು ಕಂಡವರಿಗೆ ಇದರ ಕೊನೆ ಏನೆಂದು ಗೊತ್ತು. ಅಲ್ಲಿ ನೀರು ಬಸಿಯದೆ ಸವಳಾಯಿತು, ಇಲ್ಲಿ ತೊಳೆಯುವಷ್ಟು ನೀರಿಲ್ಲದೆ ಸವಳಾಗುತ್ತದೆ.

ಹನಿ ನೀರಾವರಿಯಲ್ಲಿ ಈ ಉಪ್ಪು ಡ್ರಿಪ್ಪರಿನ ಅಡಿ ಉಳಿಯುವುದಿಲ್ಲ, ತೇವ ಹರಡಿದ ವೃತ್ತದ ಅಂಚಿಗೆ ಸರಿದು ಅಲ್ಲಿ ಬಿಳಿ ಪೊರೆಯಾಗಿ ಕಟ್ಟಿಕೊಳ್ಳುತ್ತದೆ. ಜುಲೈನಲ್ಲಿ ಮಾನ್ಸೂನಿನ ಮೊದಲ ಹನಿಗಳು ಬಿದ್ದಾಗ, ಐದಾರು ಮಿಲಿಮೀಟರಿನ ಆ ಸಣ್ಣ ಮಳೆ ಅಂಚಿನ ಉಪ್ಪನ್ನೆಲ್ಲ ಕರಗಿಸಿ ಬೇರಿನ ಕಡೆಗೇ ತಳ್ಳುತ್ತದೆ. ಮರುದಿನವೇ ಎಲೆಯ ತುದಿಗಳು ಸುಟ್ಟಂತೆ ಕಾಣುತ್ತವೆ. ಅದಕ್ಕಾಗಿ ಮಳೆ ಶುರುವಾದ ಕೂಡಲೇ ನಾವು ಡ್ರಿಪ್ ಚಾಲೂ ಮಾಡುತ್ತೇವೆ, ಉಪ್ಪು ಒಳಗೆ ಬರದಂತೆ ತೇವದ ವೃತ್ತವನ್ನು ಹೊರಮುಖವಾಗಿಯೇ ಒತ್ತಿ ಹಿಡಿಯುವುದಕ್ಕೆ. ಮಳೆಯಲ್ಲಿ ನೆನೆಯುತ್ತ ಪಂಪ್ ಹಾಕುವವನನ್ನು ಕಂಡು ನಗುವ ನೆರೆಯವರು ನಮಗೂ ಇದ್ದಾರೆ. ಹತ್ತಿ ಬೆಳೆಯುವ ಹಳಬರು ಮಾತ್ರ ನಗುವುದಿಲ್ಲ.

ಇನ್ನು ನಾಟಿಯ ದಿನಾಂಕ. ಹೆಂಪ್ ಹಗಲು ಗಿಡ್ಡವಾದಾಗ ಹೂಬಿಡುವ ಬೆಳೆ. ಕಲಬುರಗಿಯ ರೈತರಿಗೆ ತೊಗರಿಯ ಲೆಕ್ಕದಲ್ಲಿ ಹೇಳುವುದಾದರೆ, ತಡವಾಗಿ ಬಿತ್ತಿದ ತೊಗರಿ ಎತ್ತರಕ್ಕೆ ಬೆಳೆಯದೆ ಗಿಡ್ಡದಲ್ಲಿಯೇ ಹೂ ಕಟ್ಟುವಂತೆ ಇದೂ ಕಟ್ಟುತ್ತದೆ. ಇಲ್ಲಿನ 33 ಡಿಗ್ರಿ ಅಕ್ಷಾಂಶದಲ್ಲಿ ಜೂನ್ 21ರ ಅತಿ ದೀರ್ಘ ಹಗಲು ಕೂಡ 14 ಗಂಟೆ 20 ನಿಮಿಷದ ಆಸುಪಾಸು ಮಾತ್ರ. ಉತ್ತರ ಯುರೋಪಿನ ದೀರ್ಘ ಹಗಲಿಗೆ ಹೊಂದಿಕೊಂಡ ನಾರಿನ ತಳಿಗಳನ್ನು ತಂದರೆ ಮೊಣಕಾಲೆತ್ತರಕ್ಕೇ ಹೂವಾಗಿ ನಾರೂ ಇಲ್ಲ, ಬೀಜವೂ ಇಲ್ಲ ಎಂಬಂತಾಗುತ್ತದೆ. ಸೆಕೆ ತಪ್ಪಿಸಲೆಂದು ಫೆಬ್ರವರಿಯಲ್ಲಿ ನಾಟಿ ಮಾಡಿದರೂ ಅದೇ ಗತಿ, ಏಕೆಂದರೆ ಆಗಿನ ಹಗಲು 11 ಗಂಟೆಯ ಸುತ್ತ ಇರುತ್ತದೆ. ಹೀಗಾಗಿ ಹೂವಿಗಾಗಿ ಬೆಳೆಯುವ ತಳಿಯನ್ನು ನಾವು ಮೇ ತಿಂಗಳಲ್ಲಿ ಸಂಜೆ ಹೊತ್ತು ನಾಟಿ ಮಾಡುತ್ತೇವೆ. ಕಡು ಬೇಸಿಗೆಯಲ್ಲಿ ಗಿಡ ಮೈ ತುಂಬಿಕೊಳ್ಳುತ್ತದೆ, ಆಗಸ್ಟಿನಲ್ಲಿ ಮೊಗ್ಗು, ಅಕ್ಟೋಬರಿನ ಹೊತ್ತಿಗೆ ಕೊಯ್ಲು. ಬಿಸಿಲಿನಿಂದ ತಪ್ಪಿಸಿಕೊಳ್ಳುವ ಕ್ಯಾಲೆಂಡರ್ ಇಲ್ಲಿ ಇಲ್ಲವೇ ಇಲ್ಲ.

ಮೇ ತನಕ ಕಾಯುವುದರಿಂದ ಇನ್ನೊಂದು ಅನುಕೂಲವಿದೆ. ಚಳಿಗಾಲದ ಮಳೆಗೆ ಮರುಭೂಮಿಯಲ್ಲಿ ಚಿಗುರಿದ ಕಳೆಗಳು ವಸಂತದಲ್ಲಿ ಒಣಗುತ್ತಿದ್ದಂತೆ, ಅವುಗಳ ಮೇಲಿದ್ದ ಬೀಟ್ ಜಿಗಿಹುಳುಗಳು ಹಸಿರು ಹುಡುಕಿಕೊಂಡು ಹೊಲಗಳಿಗೆ ಬರುತ್ತವೆ, ಬರುವಾಗ ಮುಟುರು ತರುವ ವೈರಸ್ಸನ್ನೂ ಹೊತ್ತು ತರುತ್ತವೆ. ಸೋಂಕಿದ ಗಿಡಕ್ಕೆ ಔಷಧಿಯಿಲ್ಲ, ಕಿತ್ತು ಹಾಕುವುದೊಂದೇ ದಾರಿ. ಆ ವಲಸೆಯ ಜೋರು ಇಳಿದ ಮೇಲೆ ನಾಟಿ ಮಾಡಿದ ಸಾಲುಗಳಲ್ಲಿ ಕೀಳಬೇಕಾದ ಗಿಡಗಳು ಕಡಿಮೆ.

ಹೊಸ ಚಿಗುರು ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಸುಣ್ಣ ತುಂಬಿದ, ರಸಸಾರ 8 ದಾಟಿದ ಈ ಮಣ್ಣಿನಲ್ಲಿ ಇಡಿಟಿಎ ಎಂಬ ಹಿಡಿದಿಡುವ ರಾಸಾಯನಿಕದೊಡನೆ (ಕೀಲೇಟ್) ಬರುವ ಕಬ್ಬಿಣ ನಿಲ್ಲುವುದಿಲ್ಲ, ಇಡಿಡಿಎಚ್‌ಎ ರೂಪದ್ದು ದುಬಾರಿಯಾದರೂ ಅದನ್ನೇ ಕೊಡಬೇಕು.

ಹೂವು ಬಂದ ಮೇಲೆ ಕಾಯ್ದೆಯ ಗಡಿಯಾರ ಶುರು. ಕೊಯ್ಲಿಗೆ ಮೊದಲು ಅಧಿಕೃತ ವ್ಯಕ್ತಿ ಬಂದು ಹೂಗೊಂಚಲಿನ ತುದಿಯ ಮಾದರಿ ತೆಗೆಯುತ್ತಾರೆ. 2021ರ ಮಾರ್ಚಿನಿಂದ ಜಾರಿಯಲ್ಲಿರುವ ಅಮೆರಿಕದ ಕೇಂದ್ರ ಸರ್ಕಾರದ ನಿಯಮದಂತೆ, ಅದಾದ 30 ದಿನಗಳೊಳಗೆ ಕೊಯ್ಲು ಮುಗಿಯಬೇಕು. ಸಿಬಿಡಿ (ಹೂವಿನಲ್ಲಿರುವ, ಅಮಲೇರಿಸದ ಅಂಶ) ಮತ್ತು ಟಿಎಚ್‌ಸಿಗಳ ಅನುಪಾತ ತಳಿಯ ಗುಣ. ಹೂವು ಬಲಿಯುತ್ತ ಹೋದಂತೆ ಎರಡೂ ಒಟ್ಟಿಗೆ ಏರುತ್ತವೆ. ಬಿಸಿಲಿನಿಂದಲೇ ಟಿಎಚ್‌ಸಿ ಹೆಚ್ಚಾಗಿ ಬೆಳೆ ಕೆಟ್ಟಿತೆಂಬ ಮಾತನ್ನು ಇಲ್ಲಿ ಆಗಾಗ ಕೇಳುತ್ತೇನೆ. ಬಿತ್ತನೆಗೆ ಮೊದಲೇ ತಳಿಯ ದಾಖಲೆ ನೋಡದವರು, ಮಾದರಿ ತೆಗೆಸಲು ತಡಮಾಡಿದವರು ಹೇಳುವ ಮಾತು ಅದೆಂದೇ ನನ್ನ ಅಭಿಪ್ರಾಯ. ನಾವಂತೂ ಮೊಗ್ಗು ಕಾಣಿಸಿದಾಗಿನಿಂದ ವಾರವಾರವೂ ನಮ್ಮ ಖರ್ಚಿನಲ್ಲಿಯೇ ಪರೀಕ್ಷೆ ಮಾಡಿಸುತ್ತೇವೆ. ಮಿತಿ ಮೀರಿದ ಬೆಳೆಯನ್ನು ಮಾರುವಂತಿಲ್ಲ, ನಿಯಮದಂತೆ ಉತ್ತು ಮಣ್ಣಿಗೆ ಸೇರಿಸುವುದೇ ಮೊದಲಾದ ರೀತಿಯಲ್ಲಿ ನಾಶ ಮಾಡಬೇಕು, ಇಲ್ಲವೇ ಹೂವನ್ನು ತೆಗೆದುಹಾಕುವಂಥ ನಿಯಮದ ದಾರಿಯಲ್ಲಿ ಸರಿಪಡಿಸಬೇಕಾಗುತ್ತದೆ. ಅದರ ಮುಂದೆ ಪರೀಕ್ಷೆಯ ಶುಲ್ಕ ಏನೂ ಅಲ್ಲ.

ಕೊಯ್ಲಾದ ಮೇಲೆ ಹೊಲ ಖಾಲಿ ಬಿದ್ದಿರುವಾಗಲೇ ಮುಂದಿನ ವರ್ಷದ ಅರ್ಧ ಕೆಲಸ ಮುಗಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಆವಿಯಾಗುವ ನೀರು ತೀರ ಕಡಿಮೆ, ಹಾಗಾಗಿ ಹರಿಸಿದ ನೀರು ಉಪ್ಪನ್ನು ಹೊತ್ತು ಕೆಳಗಿಳಿಯುತ್ತದೆ. ಮಡಿ ಕಟ್ಟಿ, ಒಂದೇ ಸಲ ತುಂಬಿಸದೆ ನಡುವೆ ಬಿಡುವು ಕೊಟ್ಟು ಹಲವು ಸಲ ನೀರು ನಿಲ್ಲಿಸುತ್ತೇವೆ. ಆಮೇಲೆ ಮೇಲಿನ ಒಂದಡಿ ಮತ್ತು ಅದರ ಕೆಳಗಿನ ಒಂದಡಿ ಮಣ್ಣನ್ನು ಬೇರೆ ಬೇರೆ ಚೀಲಗಳಲ್ಲಿ ಪ್ರಯೋಗಾಲಯಕ್ಕೆ ಕಳಿಸುತ್ತೇವೆ. ಕೆಳಗಿನ ಚೀಲದ ಉಪ್ಪಿನ ಅಂಕಿ ಮೇಲಿನದಕ್ಕಿಂತ ಹೆಚ್ಚಾಗಿ ಬಂದರೆ ಉಪ್ಪು ಇಳಿಯತೊಡಗಿದೆ ಎಂದು ತಿಳಿದು, ಫೆಬ್ರವರಿಗೆ ಮೊದಲು ಇನ್ನೊಂದು ನೀರು ಕೊಡುತ್ತೇವೆ.